ಕಡಲನಾಯಿಯ ಲೆಕ್ಕ

ಯುರೋಪಿನ ವಾಡೆನ್ ಕಡಲಲ್ಲಿ ನೀರಿಳಿದಾಗ ಮರಳುದಿಣ್ಣೆಗಳ ಮೇಲೆ ಸೀಲ್‌ಗಳು ಬಿಸಿಲಿಗೆ ಹರವಿದ ಮೂಟೆಗಳಂತೆ ಬಿದ್ದಿರುತ್ತವೆ. ಡೆನ್ಮಾರ್ಕ್, ಜರ್ಮನಿ, ನೆದರ್ಲೆಂಡ್ಸ್‌ನವರು ಅದೇ ಹೊತ್ತಿಗೆ ಕಾದಿದ್ದು, ಪುಟ್ಟ ವಿಮಾನವೇರಿ ಎಣಿಸುತ್ತಾರೆ. ಜೂನ್‌ನಲ್ಲಿ ಮರಿಗಳನ್ನು, ಆಗಸ್ಟ್‌ನಲ್ಲಿ ಕೂದಲುದುರಿಸಲು ದಡ ಹತ್ತಿದವನ್ನು. ಜನಗಣತಿಯಷ್ಟೇ ಸಪ್ಪೆ ಕೆಲಸ.

ಸಪ್ಪೆಯೆಂದು ಬಿಡುವಂತಿಲ್ಲ; ಎಣಿಸದಿದ್ದರೆ ಎಷ್ಟು ಕಳೆದುಕೊಂಡೆವೆಂದೇ ತಿಳಿಯದು. 1988ರಲ್ಲಿ ಡೆನ್ಮಾರ್ಕಿನ ಆನ್‌ಹೋಲ್ಟ್ ದ್ವೀಪದಲ್ಲಿ ಶುರುವಾದ ರೋಗ ಯುರೋಪಿನ ಸುಮಾರು 18,000 ಸೀಲ್‌ಗಳನ್ನು ಬಲಿ ತೆಗೆದುಕೊಂಡಿತು. ಕೊನೆಗೆ ಕಾರಣವಾಗಿ ಸಿಕ್ಕಿದ್ದು ನಾಯಿಗಳ ಡಿಸ್ಟೆಂಪರ್ ರೋಗದ ವೈರಸ್ಸಿನ ದಾಯಾದಿ. ಜರ್ಮನ್ನರ ಬಾಯಲ್ಲಿ ಈ ಪ್ರಾಣಿ ‘ಕಡಲನಾಯಿ’ಯೇ! ಕಾಕತಾಳೀಯ ನಿಜ, ಆದರೂ ಮೈ ಜುಮ್ಮೆನ್ನುತ್ತದೆ. 2002ರಲ್ಲಿ ಮತ್ತೆ ಅದೇ ದ್ವೀಪ, ಅದೇ ರೋಗ, 20,000ಕ್ಕೂ ಹೆಚ್ಚು ಸಾವು.

ನನ್ನ ಮೆಚ್ಚುಗೆಯೆಲ್ಲ ವಿಮಾನದವರಿಗಿಂತ, ಸತ್ತ ಸೀಲ್‌ಗಳನ್ನು ಪರೀಕ್ಷಿಸಲು ದಡದಲ್ಲಿ ಮಂಡಿಯೂರಿದವರಿಗೆ. ಕೊಳೆತ ಹೆಣದ ವಾಸನೆಗೆ ಮುಖ ತಿರುಗಿಸದೆ ಮೂತಿಯಿಂದ ಬಾಲದವರೆಗೆ ಟೇಪು ಹಿಡಿಯುತ್ತಾರೆ. ಎದೆಯ ಬಳಿ ಕೊಯ್ದು ಚರ್ಮದಡಿಯ ಕೊಬ್ಬು ಅಳೆಯುತ್ತಾರೆ. ತೆಳ್ಳಗಿದ್ದರೆ ಪ್ರಾಣಿ ಹಸಿದಿತ್ತೆಂದು ಅರ್ಥ. ರೋಗಪರೀಕ್ಷೆಗೆಂದು ಶ್ವಾಸಕೋಶದ ಚೂರೊಂದು ಡಬ್ಬಿ ಸೇರುತ್ತದೆ. ಆಮೇಲೆ ಒಂದು ಹಲ್ಲು ಕೀಳುತ್ತಾರೆ. ಅದನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟರೆ, ಮರದ ಕಾಂಡದೊಳಗಿನ ಉಂಗುರಗಳಂತೆ ವರ್ಷಕ್ಕೊಂದು ಪದರ.