ಟೀವಿ ಕೇಂದ್ರದ ಚರಿತ್ರೆ ಮತ್ತು ಕಿಟಕಿಯ ಆಚೆಗಿನ ಮಂದಿ

ಈಚೆಗೆ ಟೀವಿಯ ನೆನಪುಗಳನ್ನು ಬರೆಯುವವರು ಹೆಚ್ಚಾಗಿದ್ದಾರೆ. ಜರುಗಿಸುವ ಬಾಗಿಲಿನ ಕಪ್ಪು-ಬಿಳುಪು ಪೆಟ್ಟಿಗೆ, ಮಾಳಿಗೆ ಮೇಲಿನ ಆ್ಯಂಟೆನಾ, ಭಾನುವಾರ ಬೆಳಿಗ್ಗೆಯ ರಾಮಾಯಣ, ಇಷ್ಟನ್ನು ಪೋಣಿಸಿ ಕೊನೆಗೆ ಒಂದು ಮಾತು ಸೇರಿಸುತ್ತಾರೆ: ಆಗ ಇಡೀ ಓಣಿ ಒಂದೇ ಮನೆಯಲ್ಲಿ ಕೂತು ನೋಡುತ್ತಿತ್ತು, ಜಾತಿ-ಮತದ ಭೇದ ಇರಲಿಲ್ಲ. ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಕೂತು ಇಂಥ ಬರಹಗಳನ್ನು ಓದುವ ನಮಗೆ ಈ ಕೊನೆಯ ಮಾತಿನ ಮೇಲೆಯೇ ತಕರಾರು. ಇಡೀ ಓಣಿ ಅಂದ್ರ ಯಾರ್ರೀ? ಕುರ್ಚಿ ಮ್ಯಾಲ ಕೂತವರು ಯಾರು, ನೆಲದ ಮ್ಯಾಲ ಕೂತವರು ಯಾರು, ಹೊರಗ ಕಿಟಕಿಯ ಸರಳು ಹಿಡಿದು ನಿಂತವರು ಯಾರು? ನೆನಪು ಬರೆದವರು ಪೆಟ್ಟಿಗೆ ಇದ್ದ ಮನೆಯವರು. ಸರಳು ಹಿಡಿದವರು ಇನ್ನೂ ಬರೆದಿಲ್ಲ. ಹಾಗಾಗಿ ನಮ್ಮ ಕೈಗೆ ಬಂದಿರುವುದು ಅರ್ಧ ಚರಿತ್ರೆ.

ಉಳಿದರ್ಧ ಎಲ್ಲಿಂದ ಶುರುವಾಗಬೇಕು? ಬೆಂಗಳೂರಿನಿಂದಲ್ಲ. ಕರ್ನಾಟಕದಲ್ಲಿ ಟೀವಿ ಮೊದಲು ಕಾಲಿಟ್ಟದ್ದು ಬರದ ಜಿಲ್ಲೆಗಳಲ್ಲಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಭಾರತ ಸರಕಾರ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಒಂದು ಪ್ರಯೋಗ ಮಾಡಿತು. 'ಸೈಟ್' ಎಂದು ಅದರ ಹೆಸರು. ನಮ್ಮ ರಾಜ್ಯದಿಂದ ಅಂದಿನ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಕೋಳಿಗೂಡಿನ ಜಾಳಿಗೆಯಿಂದ ಮಾಡಿದ ಹತ್ತು ಅಡಿ ಅಗಲದ ಛತ್ರಿಯೊಂದು ಆಕಾಶಕ್ಕೆ ಮುಖಮಾಡಿ ನಿಂತಿತು. ಕೆಳಗೆ ಶಾಲೆಯಲ್ಲೋ ಪಂಚಾಯಿತಿಯಲ್ಲೋ ಪೆಟ್ಟಿಗೆ. ಬೆಳಿಗ್ಗೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ.

ಇದರಲ್ಲಿ ಮೆಚ್ಚಬೇಕಾದ್ದನ್ನು ನಾವು ಮುಚ್ಚಿಡುವುದಿಲ್ಲ. ಪೆಟ್ಟಿಗೆ ಗೌಡರ ಪಡಸಾಲೆಯದಾಗಿರಲಿಲ್ಲ, ಊರಿನದಾಗಿತ್ತು. ಗುಡಿಗೆ, ಬಾವಿಗೆ, ಚಹಾದಂಗಡಿಯ ಕಪ್ಪಿಗೆ ಇದ್ದ ಗೆರೆ ಈ ಪೆಟ್ಟಿಗೆಗೆ ಕಾಗದದ ಮೇಲಾದರೂ ಇರಲಿಲ್ಲ. ಆದರೆ ಕಾಗದ ಬೇರೆ, ಕೀಲಿಕೈ ಬೇರೆ. ಕೋಣೆಯ ಕೀಲಿ ಯಾರ ಉಡಿಯಲ್ಲಿತ್ತು, ಕೇರಿಯ ಹೆಣ್ಣುಮಗಳು ಆ ಅಂಗಳದ ಯಾವ ಮೂಲೆಯವರೆಗೆ ಬಂದಳು ಎಂಬುದನ್ನು ಬಿಟ್ಟು ಛತ್ರಿಯ ಅಳತೆಯನ್ನಷ್ಟೇ ಬರೆದರೆ ಅದು ಯಂತ್ರದ ಚರಿತ್ರೆಯಾದೀತು, ಜನರದಾಗದು.

ಇನ್ನೊಂದು ಸಂಗತಿ. ಆ ಹಳ್ಳಿಗಳಿಗೆ ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನ ಕೇಂದ್ರದಲ್ಲಿ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ: ಹೇಳುವವರು ಅಲ್ಲಿ, ಕೇಳುವವರು ಇಲ್ಲಿ. ಹೊಲವೇ ಇಲ್ಲದವನಿಗೆ ಸುಧಾರಿತ ಬೀಜದ ಪಾಠ. ಕೂಲಿ ಎಷ್ಟು ಎಂದು ಕೇಳುವ ಬಾಯಿ ಆ ಪೆಟ್ಟಿಗೆಗಿರಲಿಲ್ಲ. ತಾರೀಖನ್ನೂ ನೋಡಿರಿ. 1975ರ ಜೂನ್ 25ಕ್ಕೆ ತುರ್ತುಪರಿಸ್ಥಿತಿ ಬಂತು, ಆಗಸ್ಟ್ 1ಕ್ಕೆ ಟೀವಿ ಬಂತು. ದೇಶದ ಬಾಯಿ ಮುಚ್ಚಿಸಿದ ಹೊತ್ತಿನಲ್ಲೇ ಹಳ್ಳಿಯ ಕಣ್ಣಿಗೆ ಬೆಳಕು ಕೊಟ್ಟರು.

ಉಪಗ್ರಹ ವರ್ಷ ತುಂಬಿ ಹೊರಟುಹೋಯಿತು. ಆ ಹಳ್ಳಿಗಳ ಸಲುವಾಗಿಯೇ 1977ರ ಸೆಪ್ಟೆಂಬರ್ 3ರಂದು ಗುಲಬರ್ಗಾದಲ್ಲಿ ರಾಜ್ಯದ ಮೊದಲ ಟೀವಿ ಕೇಂದ್ರ ಬಂತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ರಾಜಧಾನಿಗಿಂತ ಮೊದಲು ಹಿಂದುಳಿದ ನಾಡಿಗೆ ದಕ್ಕಿದ್ದು ಇದೊಂದೇ ಇರಬೇಕು! ಆದರೆ 1982ರಲ್ಲಿ ಬಣ್ಣ ಬಂತು, ದಿಲ್ಲಿಯ ರಾಷ್ಟ್ರೀಯ ಕಾರ್ಯಕ್ರಮ ಬಂತು. ಸಂಜೆಯ ಒಳ್ಳೆಯ ವೇಳೆಯೆಲ್ಲ ದಿಲ್ಲಿಯ ಪಾಲಾಯಿತು. 1950ರಲ್ಲೇ ಆಕಾಶವಾಣಿ ಕಂಡಿದ್ದ ಧಾರವಾಡ-ಹುಬ್ಬಳ್ಳಿಗೆ ಬಂದದ್ದು ಟೀವಿಯ ಮರುಪ್ರಸಾರ ಮಾತ್ರ. ರೇಡಿಯೋದಲ್ಲಿ ನಮ್ಮ ಕಡೆಯ ಮಾತು, ನಮ್ಮ ಕಡೆಯ ಹಾಡು ಅಷ್ಟಿಷ್ಟಾದರೂ ಕಿವಿಗೆ ಬೀಳುತ್ತಿತ್ತು. ಟೀವಿಯಲ್ಲಿ ನಾವು ಬರೇ ನೋಡುವ ಮಂದಿ.

ಬೇರೆ ದಾರಿ ಇರಲಿಲ್ಲವೆ? ಇತ್ತು. ಗುಜರಾತಿನ ಖೇಡಾ ಜಿಲ್ಲೆಯ ಪಿಜ್ ಎಂಬ ಹಳ್ಳಿಯಲ್ಲಿ 1975ರಿಂದ ಒಂದು ಸಣ್ಣ ಪ್ರಸಾರಕ ನಡೆಯಿತು. ಇಸ್ರೋದವರು ಊರಿಗೆ ಹೋಗಿ, ಊರಿನ ಮಂದಿಯನ್ನೇ ಕ್ಯಾಮೆರಾದ ಮುಂದೆ ನಿಲ್ಲಿಸಿ, ಅಸ್ಪೃಶ್ಯತೆ, ಕನಿಷ್ಠ ಕೂಲಿಗಳ ಬಗ್ಗೆ ಕಾರ್ಯಕ್ರಮ ಮಾಡಿದರು. 1984ರಲ್ಲಿ ಅದಕ್ಕೆ ಯುನೆಸ್ಕೋದ ಪ್ರಶಸ್ತಿ ಬಂತು. ಮರುವರ್ಷ, 1985ರಲ್ಲಿ, ಪ್ರಸಾರಕವನ್ನೇ ನಿಲ್ಲಿಸಿದರು. ಹಾರ ಹಾಕಿದ ಕೈಯೇ ಗುಂಡಿ ಒತ್ತಿ ಆರಿಸಿತು. ಸ್ಥಳೀಯ ಟೀವಿ ಸೋತಿತು ಎನ್ನುವವರು ಇದನ್ನು ನೆನಪಿಡಬೇಕು. ಗೆದ್ದ ಕಡೆಯೇ ಅದನ್ನು ಮುಚ್ಚಿದರು.

ನೋಡುವವರು ಸುಮ್ಮನೆ ನೋಡಿದರು ಎಂಬುದೂ ಸುಳ್ಳು. 1987ರ ಜನವರಿಯಿಂದ 1988ರ ಜುಲೈವರೆಗೆ ನಡೆದ ರಾಮಾಯಣವನ್ನು ನಮ್ಮ ನೆನಪುಕಾರರು ಭಕ್ತಿಯ ಕಥೆಯಾಗಿ ಬರೆಯುತ್ತಾರೆ. ಅದು ಮುಗಿಯುತ್ತದೆ ಎಂದಾಗ ಜಲಂಧರ ಮೊದಲಾದ ಉತ್ತರದ ನಗರಗಳಲ್ಲಿ ವಾಲ್ಮೀಕಿ ಸಮುದಾಯದ ಪೌರಕಾರ್ಮಿಕರು ಕಸಬರಿಗೆ ಕೆಳಗಿಟ್ಟು ಮುಷ್ಕರ ಹೂಡಿದರು. ತಮ್ಮ ವಾಲ್ಮೀಕಿ ಬರುವ ಉತ್ತರಕಾಂಡವನ್ನು ತೋರಿಸಿರಿ ಎಂದರು. ಸರಕಾರ ಮಣಿಯಿತು. ಪುರಾಣಕ್ಕೇ ಇಷ್ಟೊಂದು ಮುಷ್ಕರವೇ ಎಂದು ನಮ್ಮಲ್ಲೇ ಕೆಲವರು ಮೂಗು ಮುರಿಯಬಹುದು. ನಮಗೆ ಅದರಲ್ಲಿ ಕಾಣುವುದು ಪುರಾಣದ ಮೋಹಕ್ಕಿಂತ ಹೆಚ್ಚಾಗಿ ಈ ಮಾತು: ಪೆಟ್ಟಿಗೆಯೊಳಗೆ ನಮ್ಮವರು ಯಾವಾಗ ಬರ್ತಾರ?

ಪೆಟ್ಟಿಗೆಯೊಳಗೆ ಬರುವುದಕ್ಕೆ ಎಷ್ಟು ಬೆಲೆ ತೆರಬೇಕೆಂಬುದನ್ನು ನಮ್ಮ ರಾಜ್ಯವೇ ತೋರಿಸಿತು. 1994ರ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನ ಸಂಜೆ ಹತ್ತು ನಿಮಿಷದ ಉರ್ದು ವಾರ್ತೆ ಶುರುಮಾಡಿತು. ಹತ್ತೇ ನಿಮಿಷ. ಗಲಭೆಯೆದ್ದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ವಾರ್ತೆ ನಿಂತಿತು. ಕಮರಿಪೇಟೆಯಲ್ಲಿ ಸಾವಜಿ ಮನೆಗಳ ಒಳಮಾತು ಒಂದು, ಮುಸ್ಲಿಮರ ಮನೆಯ ಉರ್ದು ಇನ್ನೊಂದು, ಬೀದಿಗಿಳಿದರೆ ಎಲ್ಲರದೂ ಹುಬ್ಬಳ್ಳಿ ಕನ್ನಡ. ಒಂದರಿಂದ ಇನ್ನೊಂದಕ್ಕೆ ದಿನಕ್ಕೆ ನೂರು ಸಲ ದಾಟುವ ಮಂದಿ ನಾವು. ಹತ್ತು ನಿಮಿಷವನ್ನು ಹಂಚಿಕೊಳ್ಳಲಾರದ ಭಾಷಾಭಿಮಾನ ನಮ್ಮ ಪೇಟೆಯದಲ್ಲ.

ಅದೇ 1994ರಲ್ಲಿ ಉದಯ ಟೀವಿ ಬಂತು, 2000ದಲ್ಲಿ ಈಟೀವಿ ಕನ್ನಡ ಬಂತು. ಈಟೀವಿಯ ಮನೆ ಮತ್ತೆ ಹೈದರಾಬಾದು! ಆಮೇಲೆ ದಿನದ ಇಪ್ಪತ್ತನಾಲ್ಕು ತಾಸಿನ ಸುದ್ದಿ. ಈಗ ಕ್ಯಾಮೆರಾ ನಮ್ಮ ಓಣಿಗೂ ಬರುತ್ತದೆ, ಆದರೆ ಪೊಲೀಸರ ಹಿಂದೆ ಬರುತ್ತದೆ. ಕಮರಿಪೇಟೆ ಎಂದರೆ ಕಳ್ಳಭಟ್ಟಿ, ದಾಳಿ, ಠಾಣೆ, ಇಷ್ಟೇ. ಖಾನಾವಳಿಯ ಒಲೆ ಮುಂದೆ ಕೂತವಳ, ನಸುಕಿನಲ್ಲಿ ಗಟಾರ ಬಳಿಯುವವನ, ಹಮಾಲಿಗೆ ಹೋಗಿ ಬೆನ್ನು ಬಾಗಿದವನ ಮಾತು ಅರ್ಧ ನಿಮಿಷವೂ ಇಲ್ಲ. ಹಿಂದೆ ಕಿಟಕಿಯ ಆಚೆ ನಿಂತವರನ್ನು ಈಗ ಗಾಜಿನೊಳಗೆ ಹಾಕಿದ್ದಾರೆ, ಆರೋಪಿಗಳಾಗಿ.

2021ರಲ್ಲಿ ಕಲಬುರಗಿ ಕೇಂದ್ರ ಮುಚ್ಚುತ್ತದೆಂಬ ಸುದ್ದಿ ಹಬ್ಬಿತು. ನಿಲ್ಲುವುದು ಹಳೆಯ ಪ್ರಸಾರಕ ಮಾತ್ರ, ಕೇಂದ್ರ ಕಾರ್ಯಕ್ರಮ ಮಾಡುತ್ತದೆ ಎಂದು ಪ್ರಸಾರ ಭಾರತಿ ಹೇಳಿತು. ಆ ನೆವದಿಂದ ಮತ್ತೆ ಸಿಹಿ ನೆನಪುಗಳು ಹರಿದವು. ಗೋಪುರಕ್ಕಾಗಿ ಮರುಗುವವರನ್ನು ನಾವು ಹಂಗಿಸುವುದಿಲ್ಲ. ಆದರೆ ಒಂದು ಕೇಂದ್ರ ಸ್ಥಳೀಯವಾಗುವುದು ಗೋಪುರ ಎಲ್ಲಿ ನಿಂತಿದೆ ಎಂಬುದರಿಂದಲ್ಲ, ಅದರಲ್ಲಿ ಯಾರ ಮಾತಿಗೆ ಎಷ್ಟು ವೇಳೆ ಸಿಕ್ಕಿತು ಎಂಬುದರಿಂದ. ಆ ಲೆಕ್ಕ ಹೊರಬರಲಿ. ಆ ಕೇಂದ್ರದಲ್ಲಿ ಹಾಡಿದ ತತ್ವಪದದವರು, ಮಾತಾಡಿದ ಕೂಲಿಯವರು, ಬಂದು ಹೊರಗೇ ಕೂತು ವಾಪಸಾದವರು ಯಾರು ಯಾರು ಎಂಬ ಪಟ್ಟಿ ಆಗಲಿ. ಉಳಿದಿರುವ ಟೇಪುಗಳು ಆಯಾ ಊರಿನ ಜನರಿಗೆ ನೋಡಲು ಸಿಗಲಿ.

ಪಟ್ಟಿ ಸರಕಾರ ಮಾಡಲಿ ಎಂದು ಕಾಯುತ್ತ ಕೂರುವುದೂ ಬೇಡ. ಐವತ್ತು ವರ್ಷದ ಹಿಂದೆ ಛತ್ರಿಯ ಕೆಳಗೆ ಕೂತ ಮಕ್ಕಳು ಈಗ ಅರವತ್ತರ ಹತ್ತಿರ ಇದ್ದಾರೆ. ಕೇರಿಯಲ್ಲಿ, ಪೇಟೆಯಲ್ಲಿ, ರೇಲ್ವೆ ಹಳಿಯ ಪಕ್ಕದ ಓಣಿಗಳಲ್ಲಿ ಇದ್ದಾರೆ. ಎಲ್ಲಿ ನಿಂತು ನೋಡಿದಿರಿ, ಯಾರು ಒಳಗ ಕರೆದರು, ಯಾರು ಕದ ಹಾಕಿದರು, ಆ ಪೆಟ್ಟಿಗೆ ನಿಮಗ ಏನು ಕೊಟ್ಟಿತು ಎಂದು ಹೋಗಿ ಕೇಳೋಣ. ಬರೆಯಬಲ್ಲವರು ಬರೆದು ಈ ಪತ್ರಿಕೆಗೆ ಕಳಿಸಿರಿ. ಬರೆಯಲು ಬಾರದವರು ಹೇಳಿರಿ, ನಾವು ಕೂತು ಬರಕೋತೇವಿ.