ತಾಳದಲ್ಲಿ ನೆಂಟಸ್ತಿಕೆ, ಸ್ವರದಲ್ಲಿ ದೂರ

ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ ಮತ್ತು ಕರ್ನಾಟಕ ಸಂಗೀತದ ಸ್ಯಾಕ್ಸೊಫೋನ್ ವಾದಕ ಕದ್ರಿ ಗೋಪಾಲನಾಥ್ ಜೊತೆಯಾಗಿ ನುಡಿಸಿದ 2008ರ ‘ಕಿನ್ಸ್‌ಮೆನ್’ ಆಲ್ಬಂ ಹೊಗಳಿಕೆಯ ಭಾರದಲ್ಲೇ ಕುಗ್ಗಿಹೋಗಿದೆ. ಜಾಝ್ ಮತ್ತು ಶಾಸ್ತ್ರೀಯ ಸಂಗೀತದ ಸಂಗಮವೆಂದರೆ ಇದೇ ಎಂದು ಷರಾ ಬರೆದದ್ದೂ ಆಯಿತು. ಕಾಗವಾಡ, ಶೇಡಬಾಳದಿಂದ ಮೀರಜ್‌ಗೆ ಹೋಗಿ ಹಿಂದುಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ನೆನಪಿನ ಸಂಗೀತ ಸಭೆಗಳನ್ನು ಕೇಳುತ್ತ ಬಂದ ಕಿವಿಗೆ ಈ ಷರಾ ಒಗ್ಗದು. ಕೂಡಿರುವುದು ತಾಳ, ಸ್ವರಗಳು ಕೂಡಿಲ್ಲ.

‘ಕಲ್ಯಾಣಿ’ಯಲ್ಲಿ ಎರಡೂ ಆಲ್ಟೊ ಸ್ಯಾಕ್ಸೊಫೋನ್‌ಗಳನ್ನು ಬಿಡಿಬಿಡಿಯಾಗಿ ಹಿಂಬಾಲಿಸಿ ನೋಡಿ. ಕದ್ರಿ ಸ್ವರದಿಂದ ಸ್ವರಕ್ಕೆ ಜಾರುತ್ತ ನಡೆಯುತ್ತಾರೆ. ಗಮಕಕ್ಕಾಗಿ ವಾದ್ಯವನ್ನೇ ಮಾರ್ಪಡಿಸಿಕೊಂಡವರು ಅವರು. ಮಹಾಂತಪ್ಪ ಸ್ವರಗಳನ್ನು ಕಡಿದು ಕಡಿದು ಎಸೆಯುತ್ತಾರೆ. ಪೂವಲೂರು ಶ್ರೀಜಿ ಅವರ ಮೃದಂಗ, ರಾಯಲ್ ಹಾರ್ಟಿಗನ್ ಅವರ ಡ್ರಮ್ಸ್ ಲೆಕ್ಕ ಹಿಡಿದಿರುವುದರಿಂದ ಇಬ್ಬರೂ ಸಮಕ್ಕೆ ಸರಿಯಾಗಿ ಬರುತ್ತಾರೆ. ಆಲ್ಬಂ ಚೆನ್ನಾಗಿಯೇ ಇದೆ. ಆದರೆ ರಾಗದ ಹೊಣೆ ಒಬ್ಬರದೇ ಆಗಿ ಉಳಿಯುತ್ತದೆ.

ಜಾರುವ ಸ್ವರ, ಕಡಿದ ಸ್ವರಗಳ ಈ ವ್ಯಾಜ್ಯ ಇತ್ಯರ್ಥವಾಗಬೇಕಾದ್ದು ಕ್ಲಾರಿಯೊನೆಟ್‌ನಲ್ಲಿ. ನಿಪ್ಪಾಣಿ, ಚಿಕ್ಕೋಡಿ ಕಡೆಯ ಮದುವೆ ಮೆರವಣಿಗೆಗಳ ಬ್ಯಾಂಡಿನವರಿಗೆ ಇದರ ಗುಟ್ಟು ಗೊತ್ತು. ಸ್ಯಾಕ್ಸೊಫೋನಿನ ತೂತುಗಳ ಮೇಲೆ ಮುಚ್ಚಳಗಳಿವೆ. ಕ್ಲಾರಿಯೊನೆಟ್‌ನಲ್ಲಿ ಬೆರಳೇ ನೇರವಾಗಿ ಹಲವು ತೂತುಗಳನ್ನು ಮುಚ್ಚುತ್ತದೆ. ಬೆರಳನ್ನು ಮೆಲ್ಲಗೆ ಸರಿಸಿದರೆ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವಿಕೆ, ಹುಟ್ಟುತ್ತದೆ. ಕ್ಲಾರಿಯೊನೆಟ್‌ನ ತೊಡಕು ಬೇರೆ ಕಡೆ ಇದೆ. ಹೆಬ್ಬೆರಳಿನ ಕೀಲಿ ಒತ್ತಿದರೆ ಸ್ಯಾಕ್ಸೊಫೋನಿನ ಷಡ್ಜ ತಾರ ಷಡ್ಜಕ್ಕೆ ಏರುತ್ತದೆ. ಕ್ಲಾರಿಯೊನೆಟ್‌ನ ಷಡ್ಜ ಅದನ್ನೂ ದಾಟಿ ತಾರ ಪಂಚಮಕ್ಕೆ ಹಾರುತ್ತದೆ. ಹೀಗಾಗಿ ಎರಡು ಸ್ಥಾಯಿಗಳ ನಡುವೆ ಒಂದು ಬೆಸುಗೆ ಉಳಿಯುತ್ತದೆ. ಅಲ್ಲಿ ನಾದದ ಬಣ್ಣವೂ ಬದಲಾಗುತ್ತದೆ, ಬೆರಳ ಲೆಕ್ಕವೂ ತಪ್ಪುತ್ತದೆ.

ಜಾಝ್‌ನ ಪ್ರಯೋಗಶೀಲರು ಇಂಥ ಒಡಕನ್ನು ಬಚ್ಚಿಡಲಿಲ್ಲ. 1961ರಲ್ಲಿ ಜಾನ್ ಕೋಲ್ಟ್ರೇನ್ ನುಡಿಸಿದ ‘ಇಂಡಿಯಾ’ದಲ್ಲಿ ಎರಿಕ್ ಡಾಲ್ಫಿಯ ಬಾಸ್ ಕ್ಲಾರಿಯೊನೆಟ್ ತಳದಿಂದ ತುದಿಗೆ ಜಿಗಿಯುತ್ತದೆ, ಆ ಜಿಗಿತವೇ ಅವನ ಮಾತು. ರಾಯಚೂರಿನ ಪಂಡಿತ ನರಸಿಂಹಲು ವಡವಾಟಿ ಅದಕ್ಕೆ ತದ್ವಿರುದ್ಧ ಹಟ ಹಿಡಿದವರು: ಹಿಂದುಸ್ತಾನಿ ಗಾಯನ ಶೈಲಿಯನ್ನು ಅದೇ ಜಾತಿಯ ವಾದ್ಯಕ್ಕೆ ತಂದು, ಬೆಸುಗೆ ಕಿವಿಗೆ ಬೀಳದಂತೆ ಉಸಿರಿನಿಂದ ತೇಯ್ದರು.

ನಮ್ಮ ವಿಮರ್ಶಕರು ಈ ಸಾಧನೆಯನ್ನು ‘ವಿದೇಶಿ ವಾದ್ಯವನ್ನು ಪಳಗಿಸಿದರು’ ಎಂಬ ಸವಕಲು ಮಾತಿನಲ್ಲಿ ಮುಗಿಸುತ್ತಾರೆ. ವಾದ್ಯ ಎಲ್ಲಿಯದು ಎಂಬುದು ಸುಂಕದ ಕಟ್ಟೆಯವರ ಚಿಂತೆ. ಬೆಸುಗೆಯಲ್ಲಿ ಏನಾಯಿತು ಎಂದು ಕೇಳುವುದು ವಿಮರ್ಶಕನ ಕೆಲಸ. ಅತ್ತ ಜಾಝ್ ಬರಹಗಾರರು ‘ಇಂಡಿಯಾ’ದಲ್ಲಿ ಶ್ರುತಿ ಹಿಡಿದದ್ದನ್ನೇ ರಾಗವೆಂದು ಭ್ರಮಿಸಿದರು. ತಂಬೂರಿ ಮೀಟಿದವರೆಲ್ಲ ಹಾಡಿದಂತಾದೀತೇ?

ಡಾಲ್ಫಿಯ ಜಿಗಿತ, ವಡವಾಟಿಯವರ ಮೀಂಡ್ ಒಂದೇ ಉಸಿರಿನಲ್ಲಿ, ಒಂದೇ ರಾಗದ ಹೊಣೆ ಹೊತ್ತು ಬಂದಾಗ ಮಾತ್ರ ಬೆರಕೆ ಎನ್ನಬೇಕು. ‘ಕಿನ್ಸ್‌ಮೆನ್’ ಆ ಹೊಣೆಯನ್ನು ಒಬ್ಬರಿಗೇ ಹೊರಿಸಿ ಪಾರಾಯಿತು. ಹೊಗಳುವವರು ಅದನ್ನು ಒಳ್ಳೆಯ ಜುಗಲ್‌ಬಂದಿ ಎನ್ನಲಿ, ಸಂಗಮ ಎನ್ನುವುದು ಬೇಡ.