ನಕ್ಷತ್ರಗಳೂ ಬೆಂಕಿಕಡ್ಡಿಗಳೂ

ಸೇಂಟ್ ಎಕ್ಸುಪೆರಿಯ ಮೇಲೆ ತಕರಾರು ಎತ್ತುವುದು ನನ್ನಂಥವನಿಗೆ ಸುಲಭದ ಕೆಲಸವಲ್ಲ. 1931ರಲ್ಲಿ ಫ್ರೆಂಚಿನಲ್ಲಿ ಬಂದ ಆತನ 'ನೈಟ್ ಫ್ಲೈಟ್' ಎಂಬ ಪುಟ್ಟ ಕಾದಂಬರಿಯನ್ನು ಇಂಗ್ಲಿಷಿನಲ್ಲಿ ಎಷ್ಟು ಸಲ ಓದಿದ್ದೇನೋ ಲೆಕ್ಕವಿಟ್ಟಿಲ್ಲ. ಆದರೆ ಈಚೆಗೆ ಮತ್ತೆ ಕೈಗೆತ್ತಿಕೊಂಡಾಗ ಏನೋ ಕಿರಿಕಿರಿಯಾಯಿತು. ಕಾರಣ ನನ್ನ ಅಕ್ಕನ ಮಗ. ಅಮೆರಿಕದಲ್ಲಿ ಇಂಜಿನಿಯರಾಗಿರುವ ಅವನು ಹವ್ಯಾಸಕ್ಕೆಂದು ವಿಮಾನ ಹಾರಿಸುವ ಖಾಸಗಿ ಲೈಸೆನ್ಸ್ ಪಡೆದ. ಈಗ ಅದರಾಚೆಯ ಮೆಟ್ಟಿಲಾದ ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ ಕಲಿಯುತ್ತಿದ್ದಾನೆ. "ಮಾವ, ಇಷ್ಟು ದಿನ ಕಲಿಸಿದ್ದನ್ನೇ ಈಗ ನಂಬಬೇಡ ಅಂತಿದ್ದಾರೆ" ಎಂದು ಫೋನಿನಲ್ಲಿ ಹೇಳಿದ. ಆ ಮಾತನ್ನು ತಲೆಯಲ್ಲಿಟ್ಟುಕೊಂಡು ಓದಿದರೆ ವಿಮಾನ ಸಾಹಿತ್ಯದ ದೊಡ್ಡ ಹೆಸರುಗಳೆಲ್ಲ ಬೇರೆಯಾಗಿ ಕಾಣುತ್ತವೆ.

ಖಾಸಗಿ ಲೈಸೆನ್ಸ್ ಮಾತ್ರ ಇರುವವನು ಕಣ್ಣಿಗೆ ಹೊರಗಿನದು ಕಾಣುವಷ್ಟು ಹೊತ್ತು ಹಾರಬಹುದು. ಮೋಡದೊಳಕ್ಕೆ ಹೋಗುವಂತಿಲ್ಲ. ಹೋಗಬೇಕಾದರೆ ಕನಿಷ್ಠ 40 ಗಂಟೆ ಉಪಕರಣಗಳನ್ನಷ್ಟೇ ನೋಡಿ ಹಾರಿಸಿದ ಅನುಭವ ಬೇಕೆಂದು ಅಲ್ಲಿಯ ಕಾನೂನು ಹೇಳುತ್ತದೆ. ಅಭ್ಯಾಸಕ್ಕೆ ಹಣೆಯ ಮೇಲೊಂದು ಮರೆ ಕಟ್ಟುತ್ತಾರೆ. ಗಾಡಿ ಎಳೆಯುವ ಕುದುರೆಗೆ ಕಣ್ಣುಪಟ್ಟಿ ಕಟ್ಟಿದ ಹಾಗೆ. ಎದುರಿನ ಮುಳ್ಳುಗಳು ಬಿಟ್ಟು ಬೇರೇನೂ ಕಾಣದು.

ಇದು ಯಾಕೆ ಕಷ್ಟ ಎಂಬುದೇ ಸ್ವಾರಸ್ಯ. ನಮ್ಮ ಒಳಗಿವಿಯ ನಾಳಗಳಲ್ಲಿ ಒಂದು ದ್ರವವಿದೆ. ತಿರುಗಿದಾಗ ಅದು ಅಲುಗಿ 'ತಿರುಗುತ್ತಿದ್ದೀಯ' ಎಂದು ತಿಳಿಸುತ್ತದೆ. ಆದರೆ ವಿಮಾನ ಒಂದೇ ಸಮನೆ ಮೆಲ್ಲಗೆ ತಿರುಗುತ್ತಿದ್ದರೆ ಸ್ವಲ್ಪ ಹೊತ್ತಿನಲ್ಲೇ ದ್ರವವೂ ಅದರ ಜೊತೆ ಹೊಂದಿಕೊಂಡು ಸುಮ್ಮನಾಗುತ್ತದೆ. ಪೈಲಟ್‌ಗೆ ತಾನು ನೆಟ್ಟಗೆ ಹೋಗುತ್ತಿದ್ದೇನೆ ಎನ್ನಿಸುತ್ತದೆ. ನಿಜವಾಗಿಯೂ ನೆಟ್ಟಗೆ ಮಾಡಿದಾಗ ಮೈ ಈಗ ಎದುರು ದಿಕ್ಕಿಗೆ ತಿರುಗುತ್ತಿದೆ ಎಂದು ಕೂಗುತ್ತದೆ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದಿತು ನಮ್ಮ ಗಾದೆ. ಇಲ್ಲಿ ಮೈಯಾರೆ ಅನುಭವಿಸಿದ್ದೇ ಸುಳ್ಳು. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಇಂಥ ತರಬೇತಿಯಿಲ್ಲದ 20 ಜನರಿಂದ ಹೊರಗೇನೂ ಕಾಣದಂತೆ ಮಾಡಿ ವಿಮಾನ ಹಾರಿಸಿ ನೋಡಿದರು. 20 ಜನರೂ ಹತೋಟಿ ಕಳೆದುಕೊಂಡರು. ಸರಾಸರಿ 178 ಸೆಕೆಂಡು. ಮೂರು ನಿಮಿಷವೂ ಇಲ್ಲ. 1999ರ ಜುಲೈ 16ರ ರಾತ್ರಿ ಮಬ್ಬು ಕವಿದ ಸಮುದ್ರದ ಮೇಲೆ ಹಾರುತ್ತಿದ್ದ ಕಿರಿಯ ಜಾನ್ ಕೆನಡಿ ತೀರಿಕೊಂಡದ್ದು ಹೀಗೆಯೇ ದಿಕ್ಕುಗೆಟ್ಟು ಎಂದು ತನಿಖೆಯವರು ತೀರ್ಮಾನಿಸಿದರು. ಈ ರೇಟಿಂಗ್‌ನ ತರಬೇತಿಯನ್ನು ಆತ ಆರಂಭಿಸಿದ್ದರು, ಮುಗಿಸಿರಲಿಲ್ಲ. ಜೊತೆಯಲ್ಲಿ ಹೆಂಡತಿ, ಆಕೆಯ ಅಕ್ಕ ಇದ್ದರು. ಅಕ್ಕನ ಮಗನಿಗೂ ಈಗ ಹೆಂಡತಿಯಿದ್ದಾಳೆ ಎಂಬುದು ನನಗೆ ಪುಸ್ತಕ ಓದುವಾಗಲೂ ಮರೆಯುವುದಿಲ್ಲ.

ಈಗ 'ನೈಟ್ ಫ್ಲೈಟ್'ಗೆ ಬರೋಣ. ಪಟಗೋನಿಯಾದಿಂದ ಬ್ಯೂನಸ್ ಐರಿಸ್‌ಗೆ ಅಂಚೆ ತರುತ್ತಿರುವ ಫೇಬಿಯನ್ ಬಿರುಗಾಳಿಗೆ ಸಿಕ್ಕಿಬೀಳುತ್ತಾನೆ. ಮೋಡದ ಬಿರುಕಿನಲ್ಲಿ ನಕ್ಷತ್ರಗಳು ಕಾಣುತ್ತವೆ. ಅದು ಬೋನು ಎಂದು ಗೊತ್ತಿದ್ದೂ ಬೆಳಕಿನ ಹಸಿವಿನಿಂದ ಮೇಲೇರುತ್ತಾನೆ. ಮೋಡಗಳ ಮೇಲಿನ ಆ ಪ್ರಶಾಂತ ಬೆಳಕಿನಲ್ಲಿ ಅವನೂ ರೇಡಿಯೋದವನೂ ತೇಲುವ ಪುಟಗಳು ಅದ್ಭುತ, ಅದನ್ನು ಯಾರೂ ಅಲ್ಲಗಳೆಯಲಾರರು. ನನ್ನ ತಕರಾರು ಬೇರೆ. ಬಿರುಗಾಳಿಯ ಒಳಗೆ ಆ ಮನುಷ್ಯ ಏನು ಮಾಡುತ್ತಿದ್ದ? ಯಾವ ಮುಳ್ಳನ್ನು ನೋಡಿದ, ಯಾವುದನ್ನು ನಂಬಿದ, ಮೈ ಬೇಡವೆಂದಾಗ ಕೈಯನ್ನು ಹೇಗೆ ಒಪ್ಪಿಸಿದ? ಲೇಖಕ ಅಲ್ಲಿ ನಿಲ್ಲುವುದೇ ಇಲ್ಲ, ಬೇಗ ನಕ್ಷತ್ರಗಳಿಗೆ ಹೋಗಿಬಿಡುತ್ತಾನೆ. ಕಸುಬು ವಿಧಿಯಾಗುತ್ತದೆ, ವಿಧಿ ಕಾವ್ಯವಾಗುತ್ತದೆ. ಆ ಕಾಲದಲ್ಲಿ ಉಪಕರಣಗಳೇ ಇನ್ನೂ ಹೊಸವು ಎಂದು ಸಮರ್ಥಿಸಬಹುದು, ಆದರೆ ಅರ್ಧ ಮಾತ್ರ. 1929ರ ಸೆಪ್ಟೆಂಬರ್ 24ರಂದೇ ಅಮೆರಿಕದ ಜಿಮ್ಮಿ ಡೂಲಿಟಲ್ ಕಾಕ್‌ಪಿಟ್ಟಿಗೆ ಮುಸುಕು ಹಾಕಿಕೊಂಡು ನೆಲ ಬಿಟ್ಟಲ್ಲಿಂದ ನೆಲ ಮುಟ್ಟುವವರೆಗೆ ಉಪಕರಣಗಳ ಮೇಲೆಯೇ ಹಾರಿ ತೋರಿಸಿದ್ದ. ಎಕ್ಸುಪೆರಿ ಸ್ವತಃ ಅರ್ಜೆಂಟೀನಾದ ಅಂಚೆ ವಿಮಾನಗಳ ಮುಖ್ಯಸ್ಥನಾಗಿದ್ದವನು, ತಿಳಿಯದವನಲ್ಲ. ಅವನಿಗೆ ಅದು ಬೇಕಿರಲಿಲ್ಲ, ಅಷ್ಟೆ.

ವೋಲ್ಫ್‌ಗಾಂಗ್ ಲ್ಯಾಂಗ್‌ವೀಷೆಯ 'ಸ್ಟಿಕ್ ಅಂಡ್ ರಡ್ಡರ್' (1944) ಇದಕ್ಕೆ ತದ್ವಿರುದ್ಧ, ಪೂರಾ ಕಸುಬಿನ ಪುಸ್ತಕ. ರೆಕ್ಕೆ ಗಾಳಿಯನ್ನು ಯಾವ ಕೋನದಲ್ಲಿ ಸಂಧಿಸುತ್ತದೆ ಎಂಬುದೇ ಹಾರಾಟದ ಗುಟ್ಟು ಎಂದು ಅಷ್ಟು ತಿಳಿಯಾಗಿ ಹೇಳಿದವರು ಕಡಿಮೆ. ಆದರೆ ಅವನ ಲೋಕದಲ್ಲಿ ಸದಾ ಹಗಲು. ಮೈಯಿಂದ, ಕಿವಿಯಿಂದ ಗಾಳಿಯನ್ನು ಅರಿಯಬೇಕೆನ್ನುತ್ತಾನೆ. ಎರಡನೆಯ ಪಾಠ ಶುರುವಾಗುವ ಹೊತ್ತಿಗೆ ಆ ಪುಸ್ತಕ ಮುಗಿದಿರುತ್ತದೆ.

ನನಗೆ ಬೇಕಾದದ್ದು ಸಿಕ್ಕಿದ್ದು ಅರ್ನೆಸ್ಟ್ ಗ್ಯಾನ್‌ನ 'ಫೇಟ್ ಈಸ್ ದಿ ಹಂಟರ್' (1961) ಎಂಬಲ್ಲಿ. ಆಗಿನ್ನೂ ದಾರಿ ತೋರಿಸುತ್ತಿದ್ದುದು ರೇಡಿಯೋದ ಸದ್ದು: ಒಂದು ಬದಿಗೆ ಸರಿದರೆ ಕಿವಿಯಲ್ಲಿ ಮೋರ್ಸಿನ 'ಎ', ಇನ್ನೊಂದು ಬದಿಗೆ ಸರಿದರೆ 'ಎನ್', ನಡುದಾರಿಯಲ್ಲಿದ್ದರೆ ಎರಡೂ ಕೂಡಿ ಒಂದೇ ಸಮನೆಯ ನಾದ. ಹೊಸಬನಾದ ಗ್ಯಾನ್ ಆ ನಾದ ಹಿಡಿದು ಇಳಿಯುತ್ತಿರುವಾಗ ಪಕ್ಕದಲ್ಲಿ ಕೂತ ಕ್ಯಾಪ್ಟನ್ ರಾಸ್ ಬೆಂಕಿಕಡ್ಡಿ ಗೀರಿ ಅವನ ಕಣ್ಣಮುಂದೆ ಹಿಡಿಯುತ್ತಾನೆ. ಅದು ಆರಿದರೆ ಇನ್ನೊಂದು. ಮತ್ತೊಂದು. ಬಯ್ಯುವಂತಿಲ್ಲ, ಮುಳ್ಳುಗಳಿಂದ ಕಣ್ಣು ತೆಗೆಯುವಂತಿಲ್ಲ. ಗ್ಯಾನ್‌ನ ಸಿಟ್ಟು, ಬೆವರು, ಜ್ವಾಲೆಯ ಹಿಂದೆ ಮಸುಕಾಗುವ ಮುಳ್ಳು, ಎಲ್ಲವೂ ಪುಟದ ಮೇಲಿದೆ. ಎಲ್ಲ ಸರಿಯಿದ್ದಾಗ ಯಾರು ಬೇಕಾದರೂ ಹಾರಿಸಬಲ್ಲರು ಎಂಬುದು ರಾಸ್‌ನ ವಾದ. ನಮ್ಮ ಸಂಗೀತದ ಗುರುಗಳು ಶಿಷ್ಯ ಹಾಡುವಾಗ ಬೇಕೆಂದೇ ತಾಳ ತಪ್ಪಿಸಿ ಹಾಕುತ್ತಿದ್ದರಂತೆ. ಅದೇ ಜಾತಿಯ ಕ್ರೌರ್ಯ, ಅದೇ ಜಾತಿಯ ಪ್ರೀತಿ.

ಹಾಗೆಂದು ಗ್ಯಾನ್‌ನನ್ನು ಪೂರ್ತಿ ಒಪ್ಪಲಾರೆ. ಬೇಟೆಗಾರ ವಿಧಿಯೇ ಎಂಬುದು ಅವನ ಶೀರ್ಷಿಕೆ, ಪುಸ್ತಕದುದ್ದಕ್ಕೂ ಹೊಸೆಯುವ ವಾದವೂ ಅದೇ. ಹಾಗಾದರೆ ರಾಸ್ ಆ ಬೆಂಕಿಕಡ್ಡಿಗಳನ್ನು ಯಾಕೆ ಸುಟ್ಟ? ಈ ಪ್ರಶ್ನೆಯನ್ನು ಗ್ಯಾನ್ ಎದುರಿಸಿಲ್ಲ. ಆದರೆ ಪುಸ್ತಕದ ಆರಂಭದಲ್ಲೇ ಸತ್ತ ಪೈಲಟ್‌ಗಳ ಹೆಸರುಗಳನ್ನು ಉದ್ದಕ್ಕೆ ಪಟ್ಟಿ ಮಾಡಿದ್ದಾನೆ. ಅವರಲ್ಲಿ ಎಷ್ಟೋ ಜನ ಅವನಷ್ಟೇ ಕಲಿತವರು, ಅವನಷ್ಟೇ ಕೈ ಪಳಗಿದವರು.